ಪರಾಗದ ಮುನ್ಸೂಚನೆ

ಮಳೆಯ ಮುನ್ಸೂಚನೆಯನ್ನು ನಾವೆಲ್ಲರೂ ಬಲ್ಲೆವು. ಹೂವಿನ ಪರಾಗಕ್ಕೂ ಮುನ್ಸೂಚನೆಯುಂಟೆಂದರೆ ಮಿತ್ರರು ನಕ್ಕಾರು. ನಾನೂ ಮೊದಲು ನಕ್ಕವನೇ. ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಈ ಗೊಡವೆ ಬಂದುದು ನಮ್ಮ ತಾಯಿಯವರಿಂದ.

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವರು ಶೇಂಗಾ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಾರೆ. ಮುಂಗಾರು ಹಿಡಿದ ಕೆಲವು ವಾರಗಳಿಗೆ ಸೀನು, ಕಣ್ಣುರಿ, ರಾತ್ರಿ ಉಬ್ಬಸ. ನಾವು ಅದನ್ನು ನೆಗಡಿಯೆಂದೇ ತಿಳಿದಿದ್ದೆವು. ವೈದ್ಯರೊಬ್ಬರು ಅಲರ್ಜಿಯೆಂದು ಹೇಳಿ, ಗಾಳಿಯ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಮನೆಯಲ್ಲಿರಲು ಸೂಚಿಸಿದರು. ಹೊರಗೆ ಬಂದೊಡನೆ ತಾಯಿಯವರು, “ಮನೆಯಾಗೆ ಕುಂತ್ರೆ ಕೂಲಿ ಯಾರು ಕೊಡ್ತಾರಪ್ಪ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಪರಾಗವನ್ನು ಎಣಿಸುವುದು ಹೇಗೆ? 1952ರಲ್ಲಿ ಇಂಗ್ಲೆಂಡಿನ ಹರ್ಸ್ಟ್ ಎಂಬ ವಿಜ್ಞಾನಿಯು ಗಾಳಿಯಲ್ಲಿ ತೇಲುವ ಬೂಷ್ಟಿನ ಕಣಗಳನ್ನು ಹಿಡಿಯಲು ಒಂದು ಯಂತ್ರವನ್ನು ರಚಿಸಿದರು. ಅದು ನಿಮಿಷಕ್ಕೆ 10 ಲೀಟರು ಗಾಳಿಯನ್ನು ಹೀರುತ್ತದೆ. ಕಣಗಳು ಅಂಟಿನ ಮೇಲೆ ಕೂರುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಪರಾಗಕ್ಕೂ ಇದೇ ಬಗೆ. ಈ ಎಣಿಕೆಗೆ ಗಿಡಗಳು ಹೂಬಿಡುವ ಕಾಲವನ್ನೂ ಹವಾಮಾನವನ್ನೂ ಸೇರಿಸಿದರೆ ಮುನ್ಸೂಚನೆಯಾಯಿತು. ಒಣಗಾಳಿ ಪರಾಗವನ್ನು ಎಬ್ಬಿಸುತ್ತದೆ, ಮಳೆ ಅದನ್ನು ನೆಲಕ್ಕಿಳಿಸುತ್ತದೆ. ನಮ್ಮ ದೇಶದಲ್ಲಿ ಚಂಡೀಗಢ ನಗರಕ್ಕೆ 2022ರಲ್ಲಿ ಇಂಥದೊಂದು ಪರಾಗ ಪಂಚಾಂಗವು ಸಿದ್ಧವಾಯಿತು.

ನಮ್ಮ ಹೊಲಗಳ ಕಡೆ ಅಂಥ ಯಂತ್ರವನ್ನು ನಾನು ಕಂಡಿಲ್ಲ. ಆದುದರಿಂದ ಒಂದು ವರ್ಷ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೆ: ಮಳೆ, ಗಾಳಿ, ಬದುವಿನ ಹೂವು, ತಾಯಿಯ ಉಬ್ಬಸ. ಮಳೆ ಬಿದ್ದ ದಿನ ಅವರು ಸುಖವಾಗಿದ್ದರು. ಮಳೆ ನಿಂತು, ಕಾಂಗ್ರೆಸ್ ಗಿಡ ಬೆಳ್ಳಗೆ ಹೂಬಿಟ್ಟು, ಒಣಗಾಳಿ ಬೀಸಿದಾಗ ಕಷ್ಟ. ಒಬ್ಬರ ಗುರುತಿನಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಬರುವುದನ್ನು ಹಿಂದೆಯೇ ತೋರಿಸಿದ್ದಾರೆ. ಪಾರ್ಥೇನಿಯಂ ಎಂಬ ಈ ಗಿಡವು 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡಿತು. 1975ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಪೀಡೆಯ ಕಳೆಯೆಂದು ಸಾರಿತು. ಇದನ್ನು ತಿನ್ನಲೆಂದು 1984ರಲ್ಲಿ ಮೆಕ್ಸಿಕೋ ದೇಶದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಇಷ್ಟಾದರೂ ಗಿಡ ನಮ್ಮ ಬದುವಿನಲ್ಲೇ ಇದೆ!

ಗುರುತುಗಳಿಂದ ಪ್ರಯೋಜನವಾಗದೆ ಇರಲಿಲ್ಲ. ಮರುವರ್ಷ ಗಿಡ ಹೂಬಿಡುವ ಮುನ್ನವೇ, ಕೈಗೆ ಬಟ್ಟೆ ಸುತ್ತಿಕೊಂಡು (ಬರಿಗೈ ತುರಿಸುತ್ತದೆ) ಬದುಗಳಲ್ಲಿ ಕಿತ್ತೆವು. ಕಾಲ ಬರುವುದಕ್ಕೆ ಮೊದಲೇ ವೈದ್ಯರಲ್ಲಿಗೆ ಹೋದೆವು. ಅವರು ಕೊಟ್ಟ ಮೂಗಿನ ಔಷಧಿಯನ್ನು ತಾಯಿ ಆಗಿನಿಂದಲೇ ತೆಗೆದುಕೊಂಡರು. ಒಣಗಾಳಿಯ ದಿನ ಮೂಗಿಗೆ ಬಟ್ಟೆ ಕಟ್ಟಿ ಹೋದರು, ಸಂಜೆ ಬಂದೊಡನೆ ಸ್ನಾನ ಮಾಡಿದರು. ರೋಗ ಹೋಗಲಿಲ್ಲ, ತಪ್ಪಿದ ಕೂಲಿಯ ದಿನಗಳು ಮಾತ್ರ ಹನ್ನೊಂದರಿಂದ ನಾಲ್ಕಕ್ಕೆ ಇಳಿದವು.

ಬಳ್ಳಾರಿ ಜಾಲಿಯ ಪರಾಗವೂ ಹಲವರಿಗೆ ಒಗ್ಗದೆಂದು ಓದಿದ್ದೇನೆ. ಚಳ್ಳಕೆರೆಯ ಬಸ್ಸಿನಲ್ಲಿ ಬರುವಾಗ ತಳಕಿನ ಆಚೀಚೆ ಅದು ಯಾವಾಗ ಹೂಬಿಡುವುದೆಂದು ಈ ವರ್ಷ ಬರೆದಿಡುತ್ತಿದ್ದೇನೆ.