ಹಸುಗೂಸಿಗೆ ಜ್ವರದ ಔಷಧ: ಅಳತೆಯೇ ರಕ್ಷೆ

ಮಳೆಗಾಲ ಆರಂಭವಾಯಿತೆಂದರೆ ಕುದ್ರೋಳಿಯ ಮನೆಮನೆಗಳಲ್ಲಿ ಎಳೆಯ ಮಕ್ಕಳಿಗೆ ಶೀತ, ಜ್ವರ ತಪ್ಪಿದ್ದಲ್ಲ. ನಡುರಾತ್ರಿಯಲ್ಲಿ ಕೂಸಿನ ಮೈ ಕೆಂಡವಾದಾಗ ತಾಯಿಯ ಕೈ ಮೊದಲು ಹೋಗುವುದು ಕಪಾಟಿನಲ್ಲಿರುವ ಪ್ಯಾರಾಸಿಟಮಾಲ್ ಸೀಸೆಯ ಕಡೆಗೆ. ಪ್ರಮಾಣಬದ್ಧವಾಗಿ ಕೊಟ್ಟರೆ ಅದು ಸುರಕ್ಷಿತ ಔಷಧ. ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ಆದ್ದರಿಂದ ಈ ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಅಂಗಡಿಯಲ್ಲಿ ಈ ಔಷಧವು ಹನಿ ಮತ್ತು ಸಿರಪ್ ಎಂಬ ಎರಡು ರೂಪಗಳಲ್ಲಿ ದೊರೆಯುತ್ತದೆ. ಹನಿ ಔಷಧದ ಒಂದು ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ. ಇರುತ್ತದೆ. ಸಿರಪ್ಪಿನ 5 ಮಿ.ಲೀ.ನಲ್ಲಿ 120, 125 ಅಥವಾ 250 ಮಿ.ಗ್ರಾಂ. ಇರುತ್ತದೆ. ಸಿರಪ್ಪೆಂದು ಭ್ರಮಿಸಿ ಹನಿ ಔಷಧವನ್ನೇ ಒಂದು ಚಮಚ ಕುಡಿಸಿದರೆ, ದೊಡ್ಡವರು ನುಂಗುವ 500 ಮಿ.ಗ್ರಾಂ. ಮಾತ್ರೆಯಷ್ಟನ್ನು ಹಸುಗೂಸಿಗೆ ಕೊಟ್ಟಂತಾಯಿತು!

ಔಷಧದ ಪ್ರಮಾಣವನ್ನು ನಿರ್ಧರಿಸುವುದು ಮಗುವಿನ ತೂಕ. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಎಂಬುದು ವೈದ್ಯರ ಲೆಕ್ಕ. ಆರು ಕಿಲೋ ತೂಗುವ ಮಗುವಿಗೆ 60ರಿಂದ 90 ಮಿ.ಗ್ರಾಂ., ಎಂದರೆ ಹನಿ ಔಷಧವಾದರೆ 0.6ರಿಂದ 0.9 ಮಿ.ಲೀ. ಮಾತ್ರ. ಎರಡು ಸಲಗಳ ನಡುವೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಕೊಡಬಾರದು. ಅಳೆಯಲು ಸೀಸೆಯೊಡನೆ ಬರುವ ಅಳತೆಯ ಸಾಧನವನ್ನೇ ಬಳಸಬೇಕು. ಅಡುಗೆಮನೆಯ ಚಮಚವಾಗಲಿ, ಹಾಲು ಕುಡಿಸುವ ಒಳಲೆಯಾಗಲಿ ಅಳತೆಗೆ ಒದಗದು. ಕೊಟ್ಟ ಸಮಯವನ್ನು ಬರೆದಿಡುವುದು ಲೇಸು. ಅಮ್ಮ ಕೊಟ್ಟದ್ದನ್ನರಿಯದೆ ಅಜ್ಜಿಯೂ ಕೊಡುವುದು ಅವಿಭಕ್ತ ಕುಟುಂಬಗಳಲ್ಲಿ ಆಗಬಹುದಾದ ಪ್ರಮಾದ.

ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಯ ನಂತರ ಜ್ವರ, ನೋವು ಬರುವುದುಂಟು. ಆಗ ಎಷ್ಟು ಔಷಧ ಕೊಡಬೇಕೆಂಬುದನ್ನು ಲಸಿಕೆ ಹಾಕಿದ ಆರೋಗ್ಯ ಕಾರ್ಯಕರ್ತೆಯರಿಂದಲೇ ಕೇಳಿ ತಿಳಿಯಬೇಕು.

ಮಕ್ಕಳಿಗೆ ಆಸ್ಪಿರಿನ್ ಸಲ್ಲದು. ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ಕೇಂದ್ರ ಸರಕಾರವು 2011ರಲ್ಲಿಯೇ ನಿಷೇಧಿಸಿದೆ. ಶೀತದ ಸಿರಪ್ಪುಗಳಲ್ಲಿ ಹಲವು ಬಾರಿ ಪ್ಯಾರಾಸಿಟಮಾಲ್ ಸೇರಿರುವುದರಿಂದ ಎರಡನ್ನೂ ಕೊಟ್ಟರೆ ಪ್ರಮಾಣ ಇಮ್ಮಡಿಯಾದೀತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ವಿಷದ್ರವ್ಯ ಬೆರೆತ ಕೆಮ್ಮಿನ ಸಿರಪ್ಪಿನಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದ ದುರಂತವನ್ನು ಮರೆಯಲಾಗದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಬೇಡವೆಂದು ಕೇಂದ್ರ ಆರೋಗ್ಯ ಇಲಾಖೆಯೇ ಆಗ ಸೂಚಿಸಿತು.

ಜ್ವರವಿರುವ ಮಗುವಿಗೆ ಕಂಬಳಿ ಸುತ್ತದೆ ತೆಳುವಾದ ಹತ್ತಿಯ ಬಟ್ಟೆ ತೊಡಿಸಬೇಕು. ಎದೆಹಾಲನ್ನು ಮೇಲಿಂದ ಮೇಲೆ ಉಣಿಸಬೇಕು. ಔಷಧದಿಂದ ಮೈ ತಣಿಯಿತೆಂದರೆ ರೋಗ ಹೋಯಿತೆಂದಲ್ಲ. ಮಲೇರಿಯಾ, ಡೆಂಗೆಗಳು ಮಂಗಳೂರಿಗೆ ಹೊಸವಲ್ಲವಾದ್ದರಿಂದ ಜ್ವರ ಮರುಕಳಿಸಿದರೆ ರಕ್ತಪರೀಕ್ಷೆ ಅಗತ್ಯ. ಮಗು ಹಾಲು ಬಿಟ್ಟರೆ, ಮಂಕಾದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಮೂತ್ರ ಕಡಿಮೆಯಾದರೆ ಅಥವಾ ಸೆಳವು ಬಂದರೆ ತಡಮಾಡದೆ ವೆನ್ಲಾಕ್ ಅಥವಾ ಸಮೀಪದ ಆಸ್ಪತ್ರೆಗೆ ಧಾವಿಸಬೇಕು.

ಪ್ರಮಾಣ ಮೀರಿತೆಂಬ ಸಂಶಯ ಬಂದರೂ ಹೀಗೆಯೇ. ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ಯಕೃತ್ತಿನ ಹಾನಿ ಆಮೇಲೆ ಗೋಚರಿಸುತ್ತದೆ. ಇದಕ್ಕೆ ಪ್ರತ್ಯೌಷಧವಿದೆ, ಎಂಟು ಗಂಟೆಗಳೊಳಗೆ ಕೊಟ್ಟರೆ ಅದು ಅತ್ಯಂತ ಪರಿಣಾಮಕಾರಿ. ಆದುದರಿಂದ ಬೈಗುಳಕ್ಕಂಜಿ ಮುಚ್ಚಿಡದೆ, ಔಷಧದ ಸೀಸೆಯನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಬೇಕೆಂದು ತಾಯಂದಿರಲ್ಲಿ ನಮ್ಮ ವಿನಂತಿ.