ಹೆಜ್ಜೆ ಗುರುತನ್ನು ಓದುವ ವಿದ್ಯೆ

ಲಡಾಖ್ ಹಾಗೂ ಸ್ಪಿತಿಯ ಹಿಮಾವೃತ ಕಣಿವೆಗಳಲ್ಲಿ ಹಿಮಚಿರತೆಯನ್ನು ಕಣ್ಣಾರೆ ಕಾಣುವುದು ದುರ್ಲಭ. ಅದರ ಬೂದುಬಣ್ಣದ ಮೈ ಬಂಡೆಗಳೊಡನೆ ಬೆರೆತುಹೋಗುತ್ತದೆ. ಆದರೆ ಅದು ನಡೆದ ದಾರಿಯನ್ನು ಹಿಮವೇ ಬರೆದಿಡುತ್ತದೆ. ಆ ಬರಹವನ್ನು ಓದಲು ಎಚ್ಚರ ಬೇಕು. ಬಿಸಿಲೇರಿದಂತೆ ಹಿಮ ಕರಗಿ ಗುರುತಿನ ಅಂಚು ಹಿಗ್ಗುವುದರಿಂದ ಚಿಕ್ಕ ಪ್ರಾಣಿಯ ಹೆಜ್ಜೆಯೂ ದೊಡ್ಡದಾಗಿ ತೋರುತ್ತದೆ. ಆದ್ದರಿಂದಲೇ ಬಲ್ಲವರು ನೆಲ ಕೆರೆದ ಗುರುತು, ಮಲ, ಬಂಡೆಯ ಮೇಲಿನ ಮೂತ್ರದ ವಾಸನೆ ಇವುಗಳನ್ನೂ ಪರಿಶೀಲಿಸಿ ತೀರ್ಮಾನಕ್ಕೆ ಬರುತ್ತಾರೆ. 2019ರಿಂದ 2023ರವರೆಗೆ ಹೀಗೆ ಜಾಡು ಹಿಡಿದು, ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ನಡೆಸಿದ ಗಣತಿಯಂತೆ ಭಾರತದಲ್ಲಿರುವ ಹಿಮಚಿರತೆಗಳು 718; ಅವುಗಳಲ್ಲಿ 477 ಲಡಾಖಿನವು. ಹಿಮಚಿರತೆಯ ಅಧ್ಯಯನದಲ್ಲಿ ಹೆಸರಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ 1996ರಲ್ಲಿ ಸ್ಥಾಪನೆಯಾದದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಸಾಂಗಲಿ–ಮಿರಜ ಸೀಮೆಯಲ್ಲಿ ಹಿಮವಿಲ್ಲ. ಇಲ್ಲಿ ಆ ಕೆಲಸವನ್ನು ಕೃಷ್ಣಾ–ವಾರಣಾ ತೀರದ ಹಸಿಮಣ್ಣು, ಕಬ್ಬಿನ ಹೊಲದ ಬದು, ಬಂಡಿದಾರಿಯ ಧೂಳು ಮಾಡುತ್ತವೆ. ಜಿಲ್ಲೆಯ ಪಶ್ಚಿಮದಲ್ಲಿ ಶಿರಾಳಾ ತಾಲೂಕಿಗೆ ಹೊಂದಿಕೊಂಡ ಚಾಂದೋಲಿ ಅರಣ್ಯವು 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಕೊಯ್ನಾ ಅಭಯಾರಣ್ಯದೊಡನೆ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. 2018ರ ಮೇ ತಿಂಗಳಲ್ಲಿ ಅಲ್ಲಿಯ ಕ್ಯಾಮೆರಾದಲ್ಲಿ ಹುಲಿಯೊಂದು ಸೆರೆಯಾಯಿತು. ರಾಧಾನಗರಿ, ತಿಲಾರಿ, ಗೋವೆಯ ಕಾಡುಗಳ ಮೂಲಕ ಈ ಅರಣ್ಯಸಾಲು ಕರ್ನಾಟಕದ ಭೀಮಗಡ, ಕಾಳಿ ಕಾಡುಗಳವರೆಗೆ ಹಬ್ಬಿದೆ. ರಾಜ್ಯಗಳ ಗಡಿ ಮನುಷ್ಯರಿಗೆ. ಹುಲಿಗೆ ಅದರ ಪರಿವೆಯಿಲ್ಲ.

ಹಿಂದೆ ಹುಲಿಯ ಗಣತಿಯೂ ಹೆಜ್ಜೆಯಿಂದಲೇ ನಡೆಯುತ್ತಿತ್ತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿಯವರು ರೂಪಿಸಿದ ಆ ಕ್ರಮದಲ್ಲಿ ಗುರುತಿನ ಮೇಲೆ ಗಾಜಿಟ್ಟು ಗೆರೆ ಎಳೆಯುತ್ತಿದ್ದರು, ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ಮಣ್ಣು ಬದಲಾದರೆ ಹೆಜ್ಜೆಯೂ ಬದಲಾಗುವುದರಿಂದ ಒಂದೇ ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿತ್ತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಪಟ್ಟೆಗಳ ಚಿತ್ರದಿಂದ ಹುಲಿಗಳನ್ನು ಗುರುತಿಸುವ ವಿಧಾನವನ್ನು ಬಳಕೆಗೆ ತಂದರು. 2006ರ ರಾಷ್ಟ್ರೀಯ ಗಣತಿಯಿಂದ ಹಳೆಯ ಕ್ರಮ ಹಿಂದೆ ಸರಿಯಿತು. ಆದರೂ ಕ್ಯಾಮೆರಾವನ್ನು ಎಲ್ಲಿ ಇಡಬೇಕೆಂದು ತಿಳಿಸುವುದು ಇಂದಿಗೂ ಹೆಜ್ಜೆಯೇ.

ಕಬ್ಬಿನ ನಾಡಿನ ಕುಟುಂಬಗಳಿಗೆ ಈ ವಿದ್ಯೆ ಕೇವಲ ಕುತೂಹಲದ ವಿಷಯವಲ್ಲ. ದಟ್ಟ ಕಬ್ಬಿನಲ್ಲಿ ಚಿರತೆ ಆಶ್ರಯ ಪಡೆಯುತ್ತದೆ. 2021ರಲ್ಲಿ ಸಾಂಗಲಿ ನಗರದೊಳಗೇ ಒಂದು ಕಾಣಿಸಿಕೊಂಡಿತ್ತು. ನಾಯಿಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಮೂಡುತ್ತದೆ. ಚಿರತೆ ಉಗುರುಗಳನ್ನು ಒಳಗೆಳೆದು ನಡೆಯುವುದರಿಂದ ನಾಲ್ಕು ಬೆರಳುಗಳ ದುಂಡು ಗುರುತು ಮಾತ್ರ ಕಾಣುತ್ತದೆ; ಹಿಂಗಾಲಂಗಳದ ಹಿಂದಿನ ಅಂಚು ಮೂರು ಉಬ್ಬುಗಳಾಗಿರುತ್ತದೆ. ಈ ಅಂತರ ತಿಳಿದರೆ ನಾಯಿಯ ಹೆಜ್ಜೆ ಕಂಡು ಊರೆಲ್ಲ ಬೆದರುವುದೂ ತಪ್ಪುತ್ತದೆ, ಚಿರತೆಯ ಹೆಜ್ಜೆ ಕಂಡೂ ಮಕ್ಕಳನ್ನು ಮುಸ್ಸಂಜೆ ಹೊಲಕ್ಕೆ ಕಳುಹಿಸುವ ಅಜಾಗರೂಕತೆಯೂ ತಪ್ಪುತ್ತದೆ.

ಗುರುತು ಕಂಡವರು ಜಾಡು ಹಿಡಿದು ಕಬ್ಬಿನೊಳಗೆ ಹೋಗಬಾರದು. ಅದನ್ನು ಬುಟ್ಟಿಯಿಂದ ಮುಚ್ಚಿಟ್ಟು ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಹುಲಿ, ಚಿರತೆ, ಹಿಮಚಿರತೆ ಮೂರೂ ಮೊದಲನೆಯ ಅನುಸೂಚಿಗೆ ಸೇರಿವೆ; ಅವುಗಳ ಬೇಟೆ ಅಪರಾಧ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಪ್ರತೀಕಾರಕ್ಕೆ ಕಾನೂನು ವಿನಾಯಿತಿ ನೀಡುತ್ತದೆ. ಗುಂಪುಗೂಡಿ ಅಟ್ಟಿ ಕೊಲ್ಲುವುದಕ್ಕೆ ನೀಡುವುದಿಲ್ಲ. ಜೀವಿಗಳ ಬಗ್ಗೆ ಅನುಕಂಪ ತೋರುವುದು ಸಂವಿಧಾನದ 51ಎ ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಿಧಿಸಿದ ಕರ್ತವ್ಯ. ಶಾಲೆಯಲ್ಲಿ ಅಕ್ಷರ ಕಲಿಯುವ ಮಕ್ಕಳು ಹೊಲದ ಬದುವಿನ ಈ ಅಕ್ಷರಗಳನ್ನೂ ಹಿರಿಯರೊಡನೆ ಕಲಿತರೆ ಮನೆಗೂ ಕ್ಷೇಮ, ಕಾಡಿಗೂ ಕ್ಷೇಮ.