ಅವ್ವನ ಖಣ, ನನ್ನ ಚೀಲ

ಪುಣೆಗೆ ಹೊರಟಾಗ ಅವ್ವ ಉಡಿ ತುಂಬಿದ ಗುಳೇದಗುಡ್ಡ ಖಣ ಟ್ರಂಕಿನಲ್ಲೇ ಉಳಿದಿತ್ತು. ಅವ್ವ ಹೋದ ಮೇಲಂತೂ ಅದಕ್ಕೆ ಕತ್ತರಿ ಹಾಕಲು ಕೈ ಬರಲಿಲ್ಲ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದಾಗ ದಪ್ಪ ಕೋರಾ ಬಟ್ಟೆಯ ಚೀಲ ಹೊಲಿದೆ. ಬೋಳಾಗಿ ಕಂಡಿತು. ಕೊನೆಗೆ ಖಣ ತೆಗೆದೆ.

ಬಟ್ಟಲು ಬೋರಲಿಟ್ಟು ಗುಂಡಗೆ ಗೆರೆ ಎಳೆದು ಕತ್ತರಿಸಬೇಕು. ಎಳೆ ಬಿಡದಂತೆ ಅಂಚು ಒಳಕ್ಕೆ ಮಡಚಿ, ಸುತ್ತಲೂ ದೊಡ್ಡ ಹೊಲಿಗೆ ಹಾಕಿ ದಾರ ಜಗ್ಗಿದರೆ ನಿರಿಗೆ ಕೂಡಿ ಹೂವಾಗುತ್ತದೆ. ನಡುವೆ ಒಂದು ಗುಂಡಿ.

ಕಚೇರಿಯಲ್ಲಿ ಮರಾಠಿ ಗೆಳತಿ ಹೂವು ಮುಟ್ಟಿ, ‘ಹಾ ಖಣ ಕುಠಲಾ?’ ಎಂದಳು. ‘ನಮ್ಮ ಅವ್ವಂದು’ ಎಂದೆ. ಅಂದು ಮೊದಲ ಸಲ ಅಳದೆ ಅವ್ವನ ಮಾತಾಡಿದೆ.

ಕತ್ತರಿಸಿದ್ದು ಅರ್ಧ ಖಣ ಮಾತ್ರ. ಉಳಿದರ್ಧವನ್ನು ಅವ್ವ ಮಡಚಿದ್ದ ಗೆರೆಯಲ್ಲೇ ಮಡಚಿಟ್ಟಿದ್ದೇನೆ.